ಕಲ್ಲು, ಸುಣ್ಣ, ರಾಜನ ಮೊಹರು: ಮನೆಗೆ ಕೋಟೆ ತೆನೆ ಬೇಡಿದವರ ಕತೆ

ನಮಸ್ಕಾರ. ಈ ಉಪನ್ಯಾಸವನ್ನು ಬರಹಕ್ಕೆ ಇಳಿಸುವಾಗ ಮಾತಿನ ಓಟವನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೂ ಆಯಾ ಜಾಗದಲ್ಲೇ ಸೇರಿಕೊಂಡಿವೆ.

1385ರ ಅಕ್ಟೋಬರ್ 20. ವೆಸ್ಟ್‌ಮಿನ್‌ಸ್ಟರಿನಿಂದ ಒಂದು ಪತ್ರ ಹೊರಟಿತು. ಹೊರಡಿಸಿದವನು ಇಂಗ್ಲೆಂಡಿನ ದೊರೆ ಎರಡನೇ ರಿಚರ್ಡ್. ಆಗ ಅವನಿಗೆ 18 ವರ್ಷ. ಪತ್ರದ ಸಾರ ಇಷ್ಟು: ನಮ್ಮ ಪ್ರೀತಿಯ, ನಂಬಿಗಸ್ತ ನೈಟ್ ಎಡ್ವರ್ಡ್ ಡಾಲಿಂಗ್‌ರಿಜ್‌ಗೆ ನಮ್ಮ ವಿಶೇಷ ಕೃಪೆಯಿಂದ ಅಪ್ಪಣೆ ಕೊಟ್ಟಿದ್ದೇವೆ. ಸಸೆಕ್ಸ್ ಸೀಮೆಯಲ್ಲಿ ಸಮುದ್ರದ ಹತ್ತಿರ ಇರುವ ಬೋಡಿಯಂನ ತನ್ನ ಮನೆಗೆ ಅವನು ಕಲ್ಲು ಮತ್ತು ಸುಣ್ಣದ ಗೋಡೆ ಎಬ್ಬಿಸಬಹುದು. ಅದಕ್ಕೆ ತೆನೆ ಕಟ್ಟಬಹುದು. ಅದನ್ನು ಕೋಟೆಯನ್ನಾಗಿ ಮಾಡಿಕೊಳ್ಳಬಹುದು. ಸುತ್ತಲಿನ ನಾಡನ್ನು ಕಾಯುವುದಕ್ಕೆ, ನಮ್ಮ ಶತ್ರುಗಳನ್ನು ಎದುರಿಸುವುದಕ್ಕೆ ಇದನ್ನು ಕೊಟ್ಟಿದ್ದೇವೆ. ನಮ್ಮ ಕಡೆಯವರು ಯಾರೂ ಅಡ್ಡಿ ಮಾಡಕೂಡದು.

ಜಾಗ ಅವನದು, ಮನೆ ಅವನದು, ದುಡ್ಡೂ ಅವನದೇ. ಆದರೂ ಗೋಡೆಯ ನೆತ್ತಿಯ ಮೇಲೆ ನಾಲ್ಕು ಕಲ್ಲು ಹೆಚ್ಚಿಗೆ ಇಡಲು ರಾಜನನ್ನು ಕೇಳಬೇಕು. ಯಾಕೆ? ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ.

ತೆನೆ ಅಂದರೆ ನಿಮಗೆಲ್ಲ ಗೊತ್ತಿರುವುದೇ. ಕೋಟೆ ಗೋಡೆಯ ತುದಿಯಲ್ಲಿ ಹಲ್ಲಿನ ಸಾಲಿನ ಹಾಗೆ ಒಂದು ಎತ್ತರ, ಒಂದು ತಗ್ಗು. ಎತ್ತರದ ಕಲ್ಲಿನ ಮರೆಯಲ್ಲಿ ನಿಂತು ಬಿಲ್ಲಿಗೆ ಬಾಣ ಹೂಡುವುದು, ತಗ್ಗಿನಿಂದ ಬಿಡುವುದು, ಮತ್ತೆ ಮರೆಗೆ ಸರಿಯುವುದು. ಅದರ ಕೆಲಸ ಇಷ್ಟೇ. ಆದರೆ ಮೈಲಿ ದೂರದಿಂದ ನೋಡಿದಾಗ ಆಕಾಶದ ಎದುರು ಮೊದಲು ಕಾಣುವುದೂ ಅದೇ. ಇಲ್ಲಿ ಯಾರೋ ದೊಡ್ಡವರು ಇದ್ದಾರೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಈ ಎರಡೂ ಉಪಯೋಗಗಳನ್ನು ನೆನಪಿಟ್ಟುಕೊಳ್ಳಿ.

ಇಂಥ ಅಪ್ಪಣೆ ಪತ್ರಗಳು ನಮಗೆ ಸಿಗುವುದು 1200ರ ಆಸುಪಾಸಿನಿಂದ. ಸುಮಾರು ನಾಲ್ಕು ಶತಮಾನಗಳಲ್ಲಿ ಒಟ್ಟು 500ರ ಹತ್ತಿರ ಪತ್ರಗಳ ದಾಖಲೆ ಇದೆ. ಅವು ಉಳಿದದ್ದಕ್ಕೆ ಕಾರಣ ರಾಜನ ಗುಮಾಸ್ತರು. ಚಾನ್ಸರಿ ಎಂಬ ಕಚೇರಿಯಲ್ಲಿ ಹೊರಹೋಗುವ ಬಹಿರಂಗ ಪತ್ರಗಳ ನಕಲನ್ನು ಚರ್ಮದ ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದರು. ಹಾಳೆಗಳನ್ನು ಒಂದರ ಬುಡಕ್ಕೆ ಇನ್ನೊಂದರ ತಲೆ ಸೇರಿಸಿ ಹೊಲಿದು, ಸುರುಳಿ ಸುತ್ತಿ ಇಡುತ್ತಿದ್ದರು. ಆ ಸುರುಳಿಗಳು 1201ರಿಂದ ಶುರುವಾಗುತ್ತವೆ. ಈಗ ಲಂಡನ್ನಿನ ಕ್ಯೂ ಎಂಬಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಬಹಿರಂಗ ಪತ್ರ ಅಂದೆ. ಈ ಮಾತು ಮುಖ್ಯ. ಇದು ಮಡಚಿ, ಮೊಹರು ಒತ್ತಿ ಒಬ್ಬರ ಕೈಗೆ ಗುಟ್ಟಾಗಿ ಕೊಡುವ ಪತ್ರ ಅಲ್ಲ. ಬಿಚ್ಚಿದ ಹಾಳೆ, ಕೆಳಗೆ ನೇತಾಡುವ ದೊಡ್ಡ ಮೇಣದ ಮೊಹರು. ಇದನ್ನು ನೋಡುವ ಎಲ್ಲರಿಗೂ ಎಂದೇ ಪತ್ರ ಶುರುವಾಗುತ್ತದೆ. ಓದಿಸಬಹುದು, ತೋರಿಸಬಹುದು. ಊರವರ ಮುಂದೆ, ಅಕ್ಕಪಕ್ಕದ ಜಮೀನ್ದಾರರ ಮುಂದೆ, ಮುಖ್ಯವಾಗಿ ನಿಮ್ಮನ್ನು ಕಂಡರೆ ಆಗದವರ ಮುಂದೆ.

ಈ ಪತ್ರಗಳ ಬಗ್ಗೆ ಬಹಳ ಕಾಲ ಎಲ್ಲರೂ ನಂಬಿದ್ದ ಒಂದು ವಿವರಣೆ ಇದೆ. ಕೋಟೆ ಕಟ್ಟಿಕೊಂಡ ಸಾಮಂತ ಅಪಾಯಕಾರಿ. ನಾಳೆ ತಿರುಗಿಬಿದ್ದರೆ ಹೊರಗೆ ಎಳೆಯುವುದು ಕಷ್ಟ. ಆದ್ದರಿಂದ ರಾಜ ಈ ಪರವಾನಗಿಯನ್ನು ಕಡಿವಾಣದಂತೆ ಇಟ್ಟುಕೊಂಡಿದ್ದ. ಬೇಕಾದವರಿಗೆ ಕೊಟ್ಟ, ಬೇಡದವರಿಗೆ ಇಲ್ಲ ಅಂದ. ಕೇಳುವುದಕ್ಕೆ ಎಷ್ಟು ಸರಿ ಅನಿಸುತ್ತದೆ, ಅಲ್ವಾ?

ಇದಕ್ಕೆ ಹಿನ್ನೆಲೆಯೂ ಇದೆ. 1091ರಲ್ಲಿ ನಾರ್ಮಂಡಿಯಲ್ಲಿ ದಾಖಲಾದ ಪದ್ಧತಿ ಪಟ್ಟಿಯೊಂದು ಉಳಿದಿದೆ. ಅದರ ಪ್ರಕಾರ ಬಯಲಿನಲ್ಲಿ ಯಾರೂ ತೀರಾ ಆಳದ ಕಂದಕ ತೋಡುವಂತಿಲ್ಲ. ಎಷ್ಟು ಆಳ ಅಂದರೆ, ತಳದಲ್ಲಿ ನಿಂತ ಆಳು ಸಲಿಕೆಯಿಂದ ಎಸೆದ ಮಣ್ಣು ನಡುವೆ ಮೆಟ್ಟಿಲಿಲ್ಲದೆ ಒಂದೇ ಎಸೆತಕ್ಕೆ ಮೇಲೆ ಬೀಳಬೇಕು. ಅಷ್ಟೇ. ಮರದ ಬೇಲಿ ಹಾಕಿದರೆ ಒಂದೇ ಸಾಲು, ಅದಕ್ಕೆ ತೆನೆ ಕೂಡದು. ನನಗೆ ಈ ಸಲಿಕೆ ಲೆಕ್ಕ ತುಂಬಾ ಇಷ್ಟ. ಅಳತೆ ಪಟ್ಟಿ ಬೇಡ, ಅಧಿಕಾರಿ ಬೇಡ. ಯಾವ ಹಳ್ಳಿಯವನೂ ನಿಂತು ನೋಡಿ ಹೇಳಬಹುದು.

ಆಮೇಲೆ ಸ್ಟೀಫನ್ ರಾಜನ ಕಾಲ ಬಂತು. 1135ರಿಂದ ಸುಮಾರು ಹದಿನೆಂಟು ವರ್ಷ ಸಿಂಹಾಸನಕ್ಕಾಗಿ ಸ್ಟೀಫನ್ ಮತ್ತು ಮಟಿಲ್ಡಾ ನಡುವೆ ಹೊಡೆದಾಟ. ಸಿಕ್ಕ ಸಿಕ್ಕವರೆಲ್ಲ ಕೋಟೆ ಎಬ್ಬಿಸಿದರು, ರೈತರನ್ನು ಹಿಡಿದು ಬಿಟ್ಟಿ ದುಡಿಸಿದರು. ಕ್ರಿಸ್ತನೂ ಅವನ ಸಂತರೂ ನಿದ್ದೆ ಹೋಗಿದ್ದಾರೆ ಅಂತ ಜನ ಬಹಿರಂಗವಾಗಿಯೇ ಹೇಳುತ್ತಿದ್ದರು ಎಂದು ಪೀಟರ್‌ಬರೋ ಮಠದ ಸನ್ಯಾಸಿಯೊಬ್ಬ ಬರೆದಿಟ್ಟ. 1154ರಲ್ಲಿ ಪಟ್ಟಕ್ಕೆ ಬಂದ ಎರಡನೇ ಹೆನ್ರಿ ಇಂಥ ಕೋಟೆಗಳನ್ನು ಕೆಡವಿಸಿದ. ಹೀಗೆ ಸುಟ್ಟುಕೊಂಡ ರಾಜಮನೆತನ ಮುಂದೆ ಪರವಾನಗಿ ಇಟ್ಟಿತು ಅಂದರೆ ಯಾರು ಬೇಡ ಅನ್ನುತ್ತಾರೆ?

ಆದರೆ ಪತ್ರಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಈ ವಿವರಣೆ ಸಡಿಲವಾಗುತ್ತದೆ. ಕೇಳಿದವರಿಗೆ ಇಲ್ಲ ಅಂದ ದಾಖಲೆ ತೀರಾ ಅಪರೂಪ. ಪಡೆದವರಲ್ಲಿ ರಾಜನನ್ನು ನಡುಗಿಸಬಲ್ಲ ದೊಡ್ಡ ಸಾಮಂತರು ಕಡಿಮೆ. ಜಾಸ್ತಿ ಇರುವುದು ನೈಟ್‌ಗಳು, ಬಿಷಪ್ಪರು, ಮಠಗಳು, ಅಧಿಕಾರಿಗಳು, ಒಂದಷ್ಟು ವ್ಯಾಪಾರಿಗಳು. ಪರವಾನಗಿ ಇಲ್ಲದೆಯೇ ತೆನೆ ಕಟ್ಟಿಕೊಂಡವರೂ ಬೇಕಾದಷ್ಟು ಜನ. ಅವರ ಮನೆಗಳನ್ನು ಯಾರೂ ಹೋಗಿ ಕೆಡವಲಿಲ್ಲ. ಚಾರ್ಲ್ಸ್ ಕೌಲ್ಸನ್ ಎಂಬ ಇತಿಹಾಸಕಾರ 1970ರ ದಶಕದ ಕೊನೆಯಿಂದ ಇದನ್ನೇ ಹಿಡಿದು ವಾದಿಸಿದರು. ಇದು ಕಡಿವಾಣ ಅನ್ನುವುದಕ್ಕಿಂತ ಮರ್ಯಾದೆ, ರಾಜ ಹೊದಿಸುವ ಶಾಲು ಅಂತ. ನಾನು ಬಹುಪಾಲು ಆ ಕಡೆಗೇ ವಾಲುತ್ತೇನೆ. ಒಂದೆರಡು ತಕರಾರು ಇವೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಬ್ಬ ಉಣ್ಣೆ ವ್ಯಾಪಾರಿಯ ಮನೆಗೆ ಹೋಗೋಣ.

ವೇಲ್ಸ್ ಗಡಿಗೆ ಹತ್ತಿರ ಶ್ರಾಪ್‌ಶೈರ್ ಸೀಮೆ. ಅಲ್ಲಿ ಲಡ್ಲೋ ಎಂಬ ಪೇಟೆ. ಆ ಊರಿನ ಲಾರೆನ್ಸ್ ಅಪ್ಪನ ಕಾಲದಿಂದಲೂ ಉಣ್ಣೆ ವ್ಯಾಪಾರದವನು. ಆಗ ಇಂಗ್ಲೆಂಡಿನ ಸಂಪತ್ತೆಂದರೆ ಕುರಿ ಉಣ್ಣೆ. ಮೂಟೆ ಕಟ್ಟಿ ಕಡಲಾಚೆ ಫ್ಲಾಂಡರ್ಸ್ ಪೇಟೆಗಳಿಗೆ ಹೋದರೆ ಬಟ್ಟೆಯಾಗುತ್ತಿತ್ತು. ಲಾರೆನ್ಸ್ ಎಷ್ಟು ಬೆಳೆದ ಅಂದರೆ ರಾಜ ಮೊದಲನೇ ಎಡ್ವರ್ಡ್‌ಗೇ ಸಾಲ ಕೊಡುವಷ್ಟು. 1281ರಲ್ಲಿ ಲಡ್ಲೋದಿಂದ ಕೆಲವೇ ಮೈಲಿ ದೂರದ ಸ್ಟೋಕ್‌ಸೇ ಎಂಬ ಜಮೀನನ್ನು ಕೊಂಡು ಮನೆ ಕಟ್ಟಿಸಲು ಶುರು ಮಾಡಿದ.

ಆ ಮನೆ ಇವತ್ತಿಗೂ ನಿಂತಿದೆ. ಅದರ ದೊಡ್ಡ ಪಡಸಾಲೆಯೊಳಗೆ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಕಿಟಕಿಗಳು. ಎತ್ತರದ ಜೋಡಿ ಕಿಟಕಿಗಳು, ಮೇಲ್ಭಾಗ ಚೂಪಾಗಿ ಬಾಗಿದ ಕಮಾನು. ಎರಡೂ ಬದಿಯಿಂದ ಬೆಳಕು ಧಾರಾಳವಾಗಿ ಬೀಳುತ್ತದೆ. ಮುತ್ತಿಗೆಗೆ ಹೆದರಿದವರು ಇಂಥ ಕಿಟಕಿ ಇಡುವುದಿಲ್ಲ. ಮೇಲೆ ನೋಡಿದರೆ ಭಾರಿ ಓಕ್ ತೊಲೆಗಳ ಮಾಡು, ನಡುವೆ ಒಂದು ಕಂಬವೂ ಇಲ್ಲ. ಆಗಿನ ಬಡಗಿಗಳ ಕೈಚಳಕ ಅದು. ಇದರ ಪಕ್ಕಕ್ಕೆ ಹಲವು ಮೂಲೆಗಳ ದಪ್ಪ ಗೋಪುರ, ತಲೆಯ ಮೇಲೆ ಅಚ್ಚುಕಟ್ಟಾಗಿ ತೆನೆ.

1291ರಲ್ಲಿ ಎಡ್ವರ್ಡ್ ಅವನಿಗೆ ಅಪ್ಪಣೆ ಕೊಟ್ಟ. ಕಲ್ಲು ಮತ್ತು ಸುಣ್ಣದ ಗೋಡೆ, ತೆನೆ, ಅದೇ ಮಾಮೂಲಿ ಮಾತುಗಳು. ಆದರೆ ವರ್ಷ ನೋಡಿ. ವೇಲ್ಸಿನ ಸ್ವತಂತ್ರ ರಾಜಕುಮಾರನನ್ನು ಎಡ್ವರ್ಡ್ 1282ರಲ್ಲೇ ಮುಗಿಸಿದ್ದ. ಗಡಿ ಹಿಂದೆಂದಿಗಿಂತ ತಣ್ಣಗಾಗಿತ್ತು. ಮನೆ ಆಗಲೇ ಬಹುಪಾಲು ಎದ್ದಿತ್ತು. ಹಾಗಾದರೆ ಲಾರೆನ್ಸ್‌ಗೆ ಈ ಪತ್ರ ಯಾಕೆ ಬೇಕಾಯಿತು? ಕಳ್ಳರ ಭಯ ಇತ್ತು, ನಿಜ. ದುಡ್ಡಿದ್ದವನಿಗೆ ಅದು ಇದ್ದೇ ಇರುತ್ತದೆ. ಆದರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡದು ಇನ್ನೊಂದು. ಈತ ಹುಟ್ಟಿನಿಂದ ನೈಟ್ ಅಲ್ಲ. ಸುತ್ತಲಿನ ಜಮೀನ್ದಾರರ ಕಣ್ಣಿನಲ್ಲಿ ಪೇಟೆಯವನು, ಮೂಟೆ ಎಣಿಸುವವನು. ಈಗ ರಾಜನೇ ಎಲ್ಲರಿಗೂ ಕೇಳುವಂತೆ ಹೇಳಿದ, ಇವನ ಮನೆಗೆ ತೆನೆ ಇರಬಹುದು ಅಂತ. ಇನ್ನು ಯಾರು ಏನು ಅನ್ನಲು ಸಾಧ್ಯ?

ಅವನ ಕೊನೆ ಮಾತ್ರ ದುಃಖದ್ದು. 1294ರಲ್ಲಿ ಫ್ರಾನ್ಸಿನ ಜೊತೆ ಯುದ್ಧ ಶುರುವಾಗಿ ರಾಜನಿಗೆ ದುಡ್ಡು ಬೇಕಾಯಿತು. ಉಣ್ಣೆಯ ಮೇಲೆ ಭಾರಿ ಸುಂಕ ಬಿತ್ತು, ಮೂಟೆಗೆ 40 ಶಿಲ್ಲಿಂಗ್. ಆ ಏರ್ಪಾಟಿನಲ್ಲಿ ಲಾರೆನ್ಸ್‌ನದು ಮುಖ್ಯ ಪಾತ್ರ. ಅದೇ ವರ್ಷ ನವೆಂಬರಿನಲ್ಲಿ ಉಣ್ಣೆ ತುಂಬಿದ ಹಡಗಿನಲ್ಲಿ ಹೋಗುವಾಗ ಬಿರುಗಾಳಿಗೆ ಸಿಕ್ಕಿ ಮುಳುಗಿ ಸತ್ತ. ಉಣ್ಣೆಯವರಿಗೆ ದ್ರೋಹ ಮಾಡಿದ, ಉಣ್ಣೆಯ ಹಡಗಿನಲ್ಲೇ ಮುಳುಗಿದ ಅಂತ ಒಂದು ಮಠದ ದಾಖಲೆ ಬರೆಯಿತು. ಸುಂಕದ ಭಾರ ಕುರಿ ಸಾಕುವವರ ತಲೆಗೆ ಬಂದಿತ್ತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಆ ಪಡಸಾಲೆಯನ್ನು ಕಟ್ಟಿಸಿದವನು ಅದರಲ್ಲಿ ಕೆಲವೇ ವರ್ಷ ಕೂತ ಅನ್ನುವುದು ಮನಸ್ಸಿಗೆ ನಾಟುತ್ತದೆ.

ಇನ್ನೊಂದು ಸಂಗತಿ. ಸುಮಾರು 350 ವರ್ಷಗಳ ಮೇಲೆ ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ, 1645ರಲ್ಲಿ, ಪಾರ್ಲಿಮೆಂಟ್ ಸೇನೆ ಸ್ಟೋಕ್‌ಸೇ ಬಾಗಿಲಿಗೆ ಬಂತು. ಒಳಗಿದ್ದವರು ಹೊಡೆದಾಡದೆ ಒಪ್ಪಿಸಿದರು. ಗೆದ್ದವರು ಕೆಡವಿದ್ದು ಅಂಗಳದ ಸುತ್ತಲಿನ ಎತ್ತರದ ಗೋಡೆಯನ್ನು ಮಾತ್ರ. ಪಡಸಾಲೆ, ಗೋಪುರ ಹಾಗೇ ಉಳಿದವು.

ಲಾರೆನ್ಸ್ ಒಬ್ಬನೇ ಅಲ್ಲ. ಲಂಡನ್ನಿಗೆ ನಾಲ್ಕು ಸಲ ಮೇಯರ್ ಆಗಿದ್ದ ವ್ಯಾಪಾರಿ ಜಾನ್ ಡಿ ಪುಲ್ಟನಿ 1341ರಲ್ಲಿ ಕೆಂಟ್ ಸೀಮೆಯ ಪೆನ್ಸ್‌ಹರ್ಸ್ಟ್ ಮನೆಗೆ ಇದೇ ಅಪ್ಪಣೆ ಪಡೆದ.

ಇನ್ನು ಅಧಿಕಾರಿಗಳ ಸರದಿ. ಇಲ್ಲಿ ಕಡಿವಾಣದ ವಾದಕ್ಕೆ ದೊಡ್ಡ ಪೆಟ್ಟು ಬೀಳುತ್ತದೆ. 1284ರಲ್ಲಿ ಆಕ್ಟನ್ ಬರ್ನೆಲ್ ಮನೆಗೆ ಪರವಾನಗಿ ಪಡೆದವನು ರಾಬರ್ಟ್ ಬರ್ನೆಲ್. ಅವನು ಆಗ ಇಂಗ್ಲೆಂಡಿನ ಚಾನ್ಸಲರ್. ಅಂದರೆ ಅಪ್ಪಣೆ ಪತ್ರಕ್ಕೆ ಹಾಕುವ ಮಹಾಮೊಹರು ಇದ್ದದ್ದೇ ಅವನ ಸುಪರ್ದಿನಲ್ಲಿ. ಹಿಂದಿನ ವರ್ಷ ಅದೇ ಊರಿನಲ್ಲಿ ರಾಜ ಪಾರ್ಲಿಮೆಂಟ್ ಕೂಡಿಸಿದ್ದ. 1310ರಲ್ಲಿ ಯಾರ್ಕ್‌ಶೈರಿನ ಮಾರ್ಕನ್‌ಫೀಲ್ಡ್ ಮನೆಗೆ ಪಡೆದ ಜಾನ್ ಡಿ ಮಾರ್ಕನ್‌ಫೀಲ್ಡ್ ಖಜಾನೆಯ ಚಾನ್ಸಲರ್. 1379ರಲ್ಲಿ ಬೋಲ್ಟನ್ ಕೋಟೆಗೆ ಪಡೆದ ರಿಚರ್ಡ್ ಸ್ಕ್ರೋಪ್ ಕೂಡ ಆ ಹೊತ್ತಿಗೆ ಚಾನ್ಸಲರ್. ರಾಜ ಇವರನ್ನೆಲ್ಲ ಹೆದರಿ ಹಿಡಿದಿಟ್ಟಿದ್ದ ಅನ್ನಲು ಆಗುತ್ತದೆಯೇ? ಇವರು ಅವನ ಬಲಗೈ, ಎಡಗೈ. ದುಡಿದವರಿಗೆ ಕೊಟ್ಟ ಗೌರವ ಇದು. ಖಜಾನೆಗೆ ಹೆಚ್ಚು ಖರ್ಚಿಲ್ಲ, ಪಡೆದವರಿಗೆ ಮಾತ್ರ ತಲೆಮಾರುಗಳ ಹೆಮ್ಮೆ.

ಸ್ಕ್ರೋಪ್ ವಿಷಯದಲ್ಲಿ ಇನ್ನೊಂದು ಮಾತು. ಕಲ್ಲು ಕೆಲಸದ ಮೇಸ್ತ್ರಿ ಜಾನ್ ಲೂಯಿನ್ ಜೊತೆ ಅವನು ಮಾಡಿಕೊಂಡ ಕರಾರು 1378ರದ್ದು. ಪರವಾನಗಿ ಮಾರನೇ ವರ್ಷದ್ದು. ಮೊದಲು ಕೆಲಸ, ಆಮೇಲೆ ಅಪ್ಪಣೆ. ಇದು ಅಪರೂಪವೇನೂ ಅಲ್ಲ. ರಾಜನಿಗೆ ಸೋದರಸಂಬಂಧಿಯೂ ಬದ್ಧವೈರಿಯೂ ಆಗಿದ್ದ ಲ್ಯಾಂಕಾಸ್ಟರಿನ ಥಾಮಸ್ 1313ರಲ್ಲಿ ಕಡಲ ತೀರದ ಡನ್‌ಸ್ಟನ್‌ಬರೋದಲ್ಲಿ ಭಾರಿ ಕೋಟೆಗೆ ಕೈಹಾಕಿದ. ಹಿಂದಿನ ವರ್ಷವಷ್ಟೇ ರಾಜನ ಪರಮಾಪ್ತ ಗೇವ್‌ಸ್ಟನ್‌ನ ಕೊಲೆಯಲ್ಲಿ ಇವನ ಕೈ ಇತ್ತು. ಆದರೂ 1315ರಲ್ಲಿ ಎರಡನೇ ಎಡ್ವರ್ಡ್ ಪರವಾನಗಿ ಕೊಟ್ಟ. ತಡೆಯುವ ಶಕ್ತಿ ಇರಲಿಲ್ಲ. ಆದರೆ ಪತ್ರ ಕೊಟ್ಟದ್ದರಿಂದ ಆ ಕೋಟೆ ರಾಜನ ಅಪ್ಪಣೆಯಿಂದ ನಿಂತ ಕೋಟೆಯಾಯಿತು. ಅಷ್ಟರ ಮಟ್ಟಿಗೆ ರಾಜನ ಮಾನ ಉಳಿಯಿತು.

ಥಾಮಸ್ ಹಂಗರ್‌ಫರ್ಡ್ ಅಂತ ಇನ್ನೊಬ್ಬ. ಪಾರ್ಲಿಮೆಂಟಿನ ಕೆಳಮನೆಗೆ ಸ್ಪೀಕರ್ ಎಂಬ ಹೆಸರಿನಿಂದ ದಾಖಲಾದ ಮೊದಲ ವ್ಯಕ್ತಿ ಅವನೇ, 1377ರಲ್ಲಿ. ಕಾನೂನು ಗೊತ್ತಿಲ್ಲ ಅನ್ನುವ ಹಾಗಿಲ್ಲ. ಅವನು ಸೋಮರ್‌ಸೆಟ್ಟಿನ ಫಾರ್ಲೀ ಎಂಬಲ್ಲಿ ಅಪ್ಪಣೆ ಇಲ್ಲದೆಯೇ ತೆನೆ ಗೋಡೆ ಎಬ್ಬಿಸಿದ. 1383ರಲ್ಲಿ ಸಿಕ್ಕಿದ್ದು ಕ್ಷಮಾಪಣೆ ಪತ್ರ. ಕೋಟೆ ಹಾಗೇ ಉಳಿಯಿತು.

ಸಭೆಯಲ್ಲಿ ಒಬ್ಬರು ಕೇಳಿದರು: ಕಟ್ಟಿದರೂ ಏನೂ ಆಗುವುದಿಲ್ಲ ಅಂದರೆ ಕೇಳುವುದು ಯಾಕೆ ಸ್ವಾಮಿ? ಇದೇ ಸರಿಯಾದ ಪ್ರಶ್ನೆ. ತೆನೆಯನ್ನು ಕಲ್ಲುಕುಟಿಗ ಕಟ್ಟಿಕೊಡಬಲ್ಲ. ಅದಕ್ಕೆ ಮಾನ್ಯತೆ ಕೊಡಲು ಅವನಿಂದ ಆಗುವುದಿಲ್ಲ. ರಾಜನ ಬಾಯಲ್ಲಿ ನಮ್ಮ ಪ್ರೀತಿಯ ನಂಬಿಗಸ್ತ ಅಂತ ಹೆಸರು ಬರುವುದು, ಅದು ರಾಜ್ಯದ ಸುರುಳಿಯಲ್ಲಿ ದಾಖಲಾಗುವುದು, ಇದಕ್ಕೆ ಬೇರೆ ಬಾಗಿಲು ಇರಲಿಲ್ಲ. ಕೆಲವು ನಕಲುಗಳ ಕೊನೆಗೆ ಇಂಥವರ ಶಿಫಾರಸಿನ ಮೇಲೆ ಎಂಬ ಟಿಪ್ಪಣಿಯೂ ಇರುತ್ತದೆ. ಅಂದರೆ ಪತ್ರ ಸಿಗಬೇಕಾದರೆ ಆಸ್ಥಾನದಲ್ಲಿ ನಿಮಗಾಗಿ ಬಾಯಿ ಬಿಡುವವರು ಬೇಕು. ಅಂಥವರು ಇದ್ದಾರೆ ಅನ್ನುವುದೂ ಊರಿಗೆಲ್ಲ ಗೊತ್ತಾಗುತ್ತಿತ್ತು. ರಾಜನ ಹತೋಟಿ ಇದ್ದದ್ದು ಇಲ್ಲೇ ಅಂತ ನನಗೆ ಅನಿಸುತ್ತದೆ. ಜನ ತಾವಾಗಿ ಬಂದು ಕೇಳುತ್ತಿದ್ದರು. ಕೇಳಿದಾಗಲೆಲ್ಲ ಕೊಡುವವನು ಯಾರು ಅನ್ನುವುದು ಮತ್ತೊಮ್ಮೆ ಗಟ್ಟಿಯಾಗುತ್ತಿತ್ತು. ಇಲ್ಲ ಅನ್ನುವ ಅಗತ್ಯವೇ ಅವನಿಗೆ ಬೀಳಲಿಲ್ಲ.

ಉತ್ತರದ ಡರಮ್ ಸೀಮೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿನ ಬಿಷಪ್ಪನಿಗೆ ರಾಜನಂಥ ಅಧಿಕಾರ ಇತ್ತು, ತೆನೆ ಪರವಾನಗಿಯನ್ನೂ ಅವನೇ ಕೊಡುತ್ತಿದ್ದ. 1378ರಲ್ಲಿ ರೇಬಿ ಕೋಟೆಗೆ ಜಾನ್ ನೆವಿಲ್ ಪಡೆದದ್ದು ಬಿಷಪ್ಪನಿಂದ. ರಾಲ್ಫ್ ಲಮ್ಲಿ 1389ರಲ್ಲಿ ಬಿಷಪ್ಪನಿಂದ ಪಡೆದ. ಕಾನೂನಿಗೆ ಅಷ್ಟು ಸಾಕಾಗಿತ್ತು. ಆದರೂ 1392ರಲ್ಲಿ ರಾಜನಿಂದಲೂ ಇನ್ನೊಂದು ಪಡೆದ.

ಈಗ ತಕರಾರುಗಳು. ಎಲ್ಲವೂ ಬರೀ ಮರ್ಯಾದೆ ಅಂತ ಹೇಳಿ ಮುಗಿಸಿದರೆ ನಿಜವಾಗಿ ಹೆದರಿ ಬದುಕಿದವರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ.

ನಾರ್ಥಂಬರ್‌ಲೆಂಡಿನ ಏಡನ್ ಮನೆ ನೋಡಿ. ರಾಬರ್ಟ್ ಡಿ ರೇಮ್ಸ್ ಎಂಬವನು 1290ರ ದಶಕದಲ್ಲಿ ಇದನ್ನು ಕಟ್ಟಿಸಲು ಹೊರಟಾಗ ಅದು ಸಾದಾ ಮನೆ. ಗೋಡೆ ಇಲ್ಲ, ಕಾವಲಿಲ್ಲ. ಅಷ್ಟರಲ್ಲಿ 1296ರಿಂದ ಸ್ಕಾಟ್ಲೆಂಡಿನ ಜೊತೆ ಯುದ್ಧ ಶುರುವಾಯಿತು. ಗಡಿಯಲ್ಲಿ ದನ ಹೊಡೆದುಕೊಂಡು ಹೋಗುವುದು, ಹಳ್ಳಿ ಸುಡುವುದು ದಿನದ ಮಾತಾಯಿತು. 1305ರಲ್ಲಿ ಅವನು ಪರವಾನಗಿ ಪಡೆದು ಗೋಡೆ ಎಬ್ಬಿಸಿದ. 1315ರಲ್ಲಿ ಸ್ಕಾಟರು ಬಂದು ಮನೆಯನ್ನು ಹಿಡಿದು ಸುಟ್ಟರು. ಎರಡು ವರ್ಷದ ಮೇಲೆ ಮತ್ತೆ ಹಿಡಿದವರು ಇಂಗ್ಲಿಷ್ ಬಂಡಾಯಗಾರರೇ. ಇಲ್ಲಿ ತೆನೆಯನ್ನು ಶೋಕಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಎಕ್ಸೆಟರ್ ಪೇಟೆಯ ಚರ್ಚಿನ ಕತೆ ಇನ್ನೂ ಘೋರ. 1283ರ ನವೆಂಬರಿನಲ್ಲಿ ನಸುಕಿನ ಪ್ರಾರ್ಥನೆ ಮುಗಿಸಿ ಮನೆಗೆ ಹೋಗುತ್ತಿದ್ದ ವಾಲ್ಟರ್ ಲೆಚ್‌ಲೇಡ್ ಎಂಬ ಹಿರಿಯ ಪಾದ್ರಿಯನ್ನು ಚರ್ಚಿನ ಅಂಗಳದಲ್ಲೇ ಕಡಿದು ಕೊಂದರು. ಪಾದ್ರಿಗಳ ಒಳಜಗಳದಲ್ಲಿ ಊರಿನ ಪ್ರಮುಖರೂ ಸೇರಿಕೊಂಡಿದ್ದರು. ಕೊನೆಗೆ ರಾಜನೇ 1285ರ ಕ್ರಿಸ್‌ಮಸ್ ಹೊತ್ತಿಗೆ ಬಂದು ವಿಚಾರಣೆ ನಡೆಸಿದ. ಮೇಯರ್‌ಗೆ ಗಲ್ಲಾಯಿತು. ಅಂಗಳಕ್ಕೆ ಗೋಡೆ ಕಟ್ಟಿ, ರಾತ್ರಿ ಮುಚ್ಚುವ ಬಾಗಿಲು ಇಟ್ಟುಕೊಳ್ಳಲು ಪಾದ್ರಿಗಳಿಗೆ ಅಪ್ಪಣೆ ಸಿಕ್ಕಿತು. ಆ ಗೋಡೆಯ ಹಿಂದೆ ಒಬ್ಬ ಮನುಷ್ಯನ ರಕ್ತ ಇದೆ.

ಭಯ, ಮರ್ಯಾದೆ ಎರಡನ್ನೂ ಬೇರೆ ಮಾಡಲಾಗದ ಜಾಗವೊಂದು ಕೆಂಟ್ ಸೀಮೆಯ ಕೂಲಿಂಗ್ ಕೋಟೆ. ಜಾನ್ ಕಾಬಮ್ 1381ರಲ್ಲಿ ಇದಕ್ಕೆ ಪರವಾನಗಿ ಪಡೆದ. ಥೇಮ್ಸ್ ನದಿ ಸಮುದ್ರ ಸೇರುವ ಕಡೆ ಜೌಗು ನೆಲ. ಫ್ರೆಂಚರ ಹಡಗುಗಳು ಬಂದು ತೀರದ ಊರುಗಳನ್ನು ಸುಡುತ್ತಿದ್ದ ಕಾಲ. ಅದೇ ವರ್ಷ ಜೂನ್‌ನಲ್ಲಿ ಕೆಂಟಿನ ರೈತರು ಬಂಡೆದ್ದು ಲಂಡನ್ನಿಗೆ ನುಗ್ಗಿದರು. ಕೋಟೆಯ ಹೊರ ಹೆಬ್ಬಾಗಿಲ ಗೋಪುರದ ಮೇಲೆ ಕಾಬಮ್ ಒಂದು ತಾಮ್ರದ ಫಲಕ ಹಾಕಿಸಿದ. ಅದನ್ನು ಅಪ್ಪಣೆ ಪತ್ರದ ಆಕಾರದಲ್ಲೇ ಮಾಡಿಸಿದ್ದಾನೆ. ಹಾಳೆಯ ಹಾಗೆ ಅಂಚು, ಕೆಳಗೆ ತೂಗುವ ಮೊಹರು. ಬರಹ ಲ್ಯಾಟಿನ್ನಿನಲ್ಲಿಲ್ಲ, ಫ್ರೆಂಚಿನಲ್ಲೂ ಇಲ್ಲ. ದಾರಿಹೋಕನಿಗೂ ಅರ್ಥವಾಗುವ ಇಂಗ್ಲಿಷಿನ ನಾಲ್ಕು ಪ್ರಾಸದ ಸಾಲು. ಈಗ ಇರುವವರು, ಮುಂದೆ ಬರುವವರು ತಿಳಿಯಿರಿ, ನಾಡಿಗೆ ನೆರವಾಗಲೆಂದು ನನ್ನನ್ನು ಕಟ್ಟಿದ್ದಾರೆ, ಅದಕ್ಕೆ ಇದೇ ಸನದು, ಇದೇ ಸಾಕ್ಷಿ. ಇದಿಷ್ಟೇ ಅದರ ಮಾತು.

ನನಗೆ ಈ ಫಲಕದ ಮುಂದೆ ಎಲ್ಲ ವಾದಗಳೂ ಸಣ್ಣವಾಗಿ ಕಾಣುತ್ತವೆ. ಸುತ್ತ ಜನ ಸಿಟ್ಟಾಗಿದ್ದಾರೆ, ಸಮುದ್ರದಿಂದ ಶತ್ರು ಬರುತ್ತಾನೆ. ನಡುವೆ ಒಬ್ಬ ಸಿರಿವಂತ ದೊಡ್ಡ ಗೋಡೆ ಕಟ್ಟುತ್ತಿದ್ದಾನೆ. ಇದು ನಿಮ್ಮ ವಿರುದ್ಧ ಅಲ್ಲ, ನಿಮಗಾಗಿ ಅಂತ ಊರವರಿಗೆ ಹೇಳಬೇಕು. ಹೇಳಲು ಅವನು ಆರಿಸಿಕೊಂಡ ರೂಪ ರಾಜನ ಪತ್ರದ್ದು. ಈ ಕೋಟೆ 1554ರಲ್ಲಿ ಥಾಮಸ್ ವಯಟ್‌ನ ಬಂಡಾಯ ಸೇನೆಯ ಫಿರಂಗಿಗಳ ಎದುರು ಕೆಲವೇ ಗಂಟೆಗಳಲ್ಲಿ ಬಿತ್ತು. ಫಲಕ ಉಳಿಯಿತು.

ಇನ್ನು ಬೋಡಿಯಂಗೆ ವಾಪಸ್ಸು ಬರೋಣ. ಡಾಲಿಂಗ್‌ರಿಜ್ ಫ್ರಾನ್ಸಿನ ಯುದ್ಧಗಳಲ್ಲಿ ದುಡ್ಡು ಮಾಡಿದ ಸೈನಿಕ. ಸಸೆಕ್ಸ್ ಸೀಮೆಯಲ್ಲಿ ರಾಜನ ಚಿಕ್ಕಪ್ಪ ಜಾನ್ ಆಫ್ ಗಾಂಟ್‌ನ ಆಳುಗಳ ಜೊತೆ ಕಾದಾಡಿ 1384ರಲ್ಲಿ ಸೆರೆಮನೆಯನ್ನೂ ಕಂಡಿದ್ದ. ಮಾರನೇ ವರ್ಷ ಅದೇ ಮನುಷ್ಯ ರಾಜನ ಪ್ರೀತಿಯ ನಂಬಿಗಸ್ತ. ಪತ್ರದಲ್ಲಿ ಸಮುದ್ರದ ಹತ್ತಿರ ಅಂತ ಇದೆ. ಸಮುದ್ರ ನಿಜವಾಗಿ ಸುಮಾರು 10 ಮೈಲಿ ದೂರ. ಆದರೆ ರೈ ಪಟ್ಟಣವನ್ನು ಫ್ರೆಂಚರು ಸುಟ್ಟದ್ದು 1377ರಲ್ಲಿ. ಅಲ್ಲಿಂದ ರಾದರ್ ನದಿ ಹಿಡಿದು ದೋಣಿಗಳು ಬೋಡಿಯಂವರೆಗೂ ಬರಬಹುದಿತ್ತು. ಭಯವನ್ನು ಕಲ್ಪಿಸಿಕೊಂಡ ಅನ್ನಲಾಗದು.

ಹಳೇ ಮನೆಗೆ ಗೋಡೆ ಕಟ್ಟುವ ಬದಲು ಅವನು ಹೊಸ ಜಾಗದಲ್ಲಿ ಹೊಸ ಕೋಟೆಯನ್ನೇ ಎಬ್ಬಿಸಿದ. ನಾಲ್ಕು ಮೂಲೆಗೆ ನಾಲ್ಕು ಗುಂಡು ಬುರುಜು, ಸುತ್ತ ಕೆರೆಯಂತೆ ಅಗಲವಾದ ನೀರಿನ ಕಂದಕ. ಹೆಬ್ಬಾಗಿಲಲ್ಲಿ ಬಂದೂಕಿನ ಕಿಂಡಿಗಳೂ ಇವೆ. ಪಡಸಾಲೆಯ ಕಡೆ ದೊಡ್ಡ ಕಿಟಕಿಗಳೂ ಇವೆ. ಕಂದಕದ ಏರಿಯನ್ನು ಒಡೆದರೆ ನೀರೆಲ್ಲ ಖಾಲಿ, ಇದು ಬರೀ ನೋಟಕ್ಕೆ ಅಂತ ಒಂದು ಪಕ್ಷ. ಕಳ್ಳದಂಡು ಬಂದರೆ ಇಷ್ಟು ಸಾಕಿತ್ತು ಅಂತ ಇನ್ನೊಂದು ಪಕ್ಷ. ದಶಕಗಳಿಂದ ಈ ಜಗಳ ನಡೆದೇ ಇದೆ. ಎರಡನೆಯದು ನನಗೆ ಒಪ್ಪಿಗೆ. ದೊಡ್ಡ ಸೇನೆಯನ್ನು ತಡೆಯಲು ಅವನು ಕಟ್ಟಲಿಲ್ಲ. ಸಣ್ಣ ಅಪಾಯಕ್ಕೆ ತಕ್ಕ ಗೋಡೆ, ದೊಡ್ಡ ಹೆಸರಿಗೆ ತಕ್ಕ ನೋಟ.

ಈ ಕೋಟೆ ಉಳಿದದ್ದರ ಹಿಂದೆ ನಮಗೆ ಪರಿಚಯ ಇರುವ ಒಂದು ಹೆಸರಿದೆ. ಭಾರತದ ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್. ನಮ್ಮಲ್ಲಿ ಬಂಗಾಳವನ್ನು ಒಡೆದವನು ಅಂತಲೇ ಅವನ ನೆನಪು, ಅದು ಸರಿಯಾದ ನೆನಪೇ. ಪ್ರಾಚೀನ ಸ್ಮಾರಕಗಳನ್ನು ಕಾಪಾಡುವ 1904ರ ಕಾಯಿದೆ ಬಂದದ್ದೂ ಅವನ ಕಾಲದಲ್ಲೇ. ಊರಿಗೆ ಮರಳಿದ ಮೇಲೆ ಅವನು ಒಂದನೇ ಮಹಾಯುದ್ಧದ ಕಾಲದಲ್ಲಿ ಬೋಡಿಯಂ ಕೊಂಡು ದುರಸ್ತಿ ಮಾಡಿಸಿದ. ಅದಕ್ಕೂ ಮೊದಲು 1911ರಲ್ಲಿ ಟ್ಯಾಟರ್‌ಶಲ್ ಕೋಟೆಯನ್ನು ಕೊಂಡಿದ್ದ. ಆ ಜಾಗಕ್ಕೆ ಮೊದಲ ಪರವಾನಗಿ ಸಿಕ್ಕಿದ್ದು 1231ರಲ್ಲಿ. 1925ರಲ್ಲಿ ತೀರಿಕೊಂಡಾಗ ಎರಡನ್ನೂ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಬಿಟ್ಟುಹೋದ.

ಕೊನೆಗೆ ಇಬ್ಬರ ಮಾತು. ರಾಜನ ಕೃಪೆಗೆ ಎಷ್ಟು ಆಯುಸ್ಸು ಅನ್ನುವುದು ಇವರಲ್ಲಿ ಕಾಣುತ್ತದೆ.

ವಿಲಿಯಂ ಹೇಸ್ಟಿಂಗ್ಸ್, ನಾಲ್ಕನೇ ಎಡ್ವರ್ಡ್‌ನ ಜೀವದ ಗೆಳೆಯ. 1474ರಲ್ಲಿ ಒಂದೇ ಪತ್ರದಲ್ಲಿ ಅವನಿಗೆ ಹಲವು ಮನೆಗಳಿಗೆ ಅಪ್ಪಣೆ ಸಿಕ್ಕಿತು. ಜೊತೆಗೆ ಸಾವಿರಾರು ಎಕರೆ ಬೇಟೆಯ ಕಾಡು ಸುತ್ತುವರಿಯುವ ಹಕ್ಕು. ಲೆಸ್ಟರ್‌ಶೈರಿನ ಕರ್ಬಿ ಮಕ್ಸ್‌ಲೋದಲ್ಲಿ 1480ರಿಂದ ಇಟ್ಟಿಗೆ ಕೋಟೆ ಏಳತೊಡಗಿತು. ಆಗ ಇಟ್ಟಿಗೆ ಅಂದರೆ ಹೊಸ ಬೆಡಗು. ಕೆಂಪು ಗೋಡೆಯಲ್ಲಿ ಕಪ್ಪು ಇಟ್ಟಿಗೆ ಜೋಡಿಸಿ ಅವನ ಹೆಸರಿನ ಮೊದಲಕ್ಷರಗಳನ್ನು, ಒಂದು ಹಡಗನ್ನು, ಅವನ ಲಾಂಛನದ ತೋಳಂಗಿಯನ್ನು ಬಿಡಿಸಿದ್ದಾರೆ. ಕೆಲಸದ ಲೆಕ್ಕಪತ್ರ ಉಳಿದಿದೆ. ಯಾರು ದುಡಿದರು, ಎಷ್ಟು ಕೂಲಿ, ಎಲ್ಲ ಇದೆ. 1483ರ ಏಪ್ರಿಲ್‌ನಲ್ಲಿ ರಾಜ ತೀರಿಕೊಂಡ. ಜೂನ್ 13ರಂದು ರಾಜನ ತಮ್ಮ ರಿಚರ್ಡ್, ವಿಚಾರಣೆ ಇಲ್ಲದೆ ಹೇಸ್ಟಿಂಗ್ಸ್‌ನ ತಲೆ ತೆಗೆಸಿದ. ಲೆಕ್ಕಪತ್ರದಲ್ಲಿ ಆಳುಗಳ ಸಂಖ್ಯೆ ಇಳಿಯುವುದನ್ನು ಕಣ್ಣಾರೆ ಕಾಣಬಹುದು. ಗಂಡ ಸತ್ತ ಮೇಲೂ ಹೆಂಡತಿ ಕ್ಯಾಥರಿನ್ ಒಂದಷ್ಟು ಕೆಲಸ ಮುಂದುವರಿಸಿದಳು. 1484ಕ್ಕೆ ಅದೂ ನಿಂತಿತು.

ಇನ್ನೊಬ್ಬ ಬಕಿಂಗ್‌ಹ್ಯಾಮಿನ ಡ್ಯೂಕ್ ಎಡ್ವರ್ಡ್ ಸ್ಟಾಫರ್ಡ್. 1510ರಲ್ಲಿ ಎಂಟನೇ ಹೆನ್ರಿಯಿಂದ ಥಾರ್ನ್‌ಬರಿ ಮನೆಗೆ ಅಪ್ಪಣೆ ಪಡೆದ. ಹೆಬ್ಬಾಗಿಲಿನ ಮೇಲೆ ಕೆಲಸ ಶುರುವಾದ ವರ್ಷ 1511 ಅಂತ ಕೆತ್ತಿಸಿದ. ರಾಜವಂಶದ ರಕ್ತ, ಗಡಿ ಸೀಮೆಯಲ್ಲಿ ಜಮೀನು, ಅದರ ಜೊತೆ ಬುರುಜಿನ ಮನೆ. ಹೆನ್ರಿಗೆ ಅನುಮಾನ ಬಂತು. 1521ರ ಮೇ 17ರಂದು ರಾಜದ್ರೋಹದ ಆರೋಪದ ಮೇಲೆ ಡ್ಯೂಕನ ತಲೆ ಹೋಯಿತು. ಹಾಗಾದರೆ ಹಳೇ ವಿವರಣೆಯೇ ಸರಿಯಾಯಿತಲ್ಲ ಅಂತ ಒಬ್ಬರು ಕೇಳಿದರು. ಡ್ಯೂಕನ ಕೈಯಲ್ಲಿ ಪರವಾನಗಿ ಇತ್ತು, ಅದು ಯಾವ ಕೆಲಸಕ್ಕೂ ಬರಲಿಲ್ಲ. ರಾಜ ಹಿಡಿಯಬೇಕು ಅಂದುಕೊಂಡವನನ್ನು ಹಿಡಿಯಲು ಅವನಿಗೆ ಬೇರೆ ದಾರಿಗಳಿದ್ದವು. ಥಾರ್ನ್‌ಬರಿಯ ಬುರುಜುಗಳು ಅರ್ಧಕ್ಕೇ ನಿಂತವು. ಮನೆಯನ್ನು ಹೆನ್ರಿ ವಶಕ್ಕೆ ತೆಗೆದುಕೊಂಡ. 1535ರ ಆಗಸ್ಟ್‌ನಲ್ಲಿ ರಾಣಿ ಆನ್ ಬೊಲಿನ್ ಜೊತೆ ಬಂದು ಅಲ್ಲೇ ಕೆಲವು ದಿನ ಉಳಿದುಕೊಂಡ. ಈಗ ಅದು ಹೋಟೆಲ್. ದುಡ್ಡು ಕೊಟ್ಟು ಯಾರು ಬೇಕಾದರೂ ಉಳಿಯಬಹುದು.